ನಾನೂರರ ಮೇಲೆ ಹನ್ನೆರಡು ಕಾರು

ನನ್ನ ಅಕ್ಕನ ಗಂಡ ಬದುಕಿಡೀ ಮಾಡಿದ ಕೆಲಸ ಕಾರು ಎಣಿಸುವುದು. ಸ್ವಂತಕ್ಕೆ ಇಟ್ಟುಕೊಂಡದ್ದು ಒಂದು ಸೈಕಲ್ಲು. ನಗರಸಭೆಯ ಸಂಚಾರ ವಿಭಾಗದಲ್ಲಿ ಅವರದು ಗಣತಿಯ ಕೆಲಸ. ಮಡಚುವ ಸ್ಟೂಲು, ಒಂದು ರಟ್ಟು, ಅದಕ್ಕೆ ಸಿಕ್ಕಿಸಿದ ಹಾಳೆ; ಕಾರು ಹೋದರೆ ಒಂದು ಗೆರೆ, ನಾಲ್ಕು ಗೆರೆಗೆ ಅಡ್ಡ ಹೊಡೆದರೆ ಐದು. ಪೆನ್ಸಿಲ್ ಮುಟ್ಟುವುದಿಲ್ಲ, ಅಳಿಸುವ ಆಸೆ ಬರುತ್ತದಂತೆ. ಎಣಿಸುವ ಯಂತ್ರಗಳು ಬಂದವು, ಕೆಟ್ಟವು. ಭಾವ ಕೆಡಲಿಲ್ಲ.

ಅವರ ಮನೆಯಲ್ಲಿ ಅವರ ತಾಯಿ ಇದ್ದಾರೆ. ನಾನು ಅವರನ್ನು ಅತ್ತೆ ಎನ್ನುತ್ತೇನೆ. ಅತ್ತೆಯ ಒಡಹುಟ್ಟಿದ ತಂಗಿ ಇರುವುದು ರಸ್ತೆಯಾಚೆ, ಎದುರು ಮನೆಯಲ್ಲೇ. ನಡುವೆ ಇಪ್ಪತ್ತು ಹೆಜ್ಜೆ. ಆದರೆ ಸೊಂಟದ ಮೂಳೆ ಮುರಿದ ಮೇಲೆ ಅತ್ತೆಗೆ ಆ ಇಪ್ಪತ್ತು ಹೆಜ್ಜೆ ಇಡುವಷ್ಟು ಹೊತ್ತು ಯಾವ ಕಾರೂ ಬಿಡುತ್ತಿರಲಿಲ್ಲ. ಅತ್ತ ತಂಗಿಗೆ ಕಣ್ಣು ಮಂದ, ಅವರೂ ದಾಟುವಂತಿಲ್ಲ. ಕೈಹಿಡಿದು ದಾಟಿಸುತ್ತೇವೆ ಎಂದರೆ ಅತ್ತೆ, "ನಾನೇನು ಮೂಟೆಯೇನ್ರೋ, ಆ ಕಡೆಯಿಂದ ಈ ಕಡೆಗೆ ಸಾಗಿಸೋಕೆ?" ಎನ್ನುತ್ತಿದ್ದರು. ಹೀಗೆ ನಾಲ್ಕು ವರ್ಷ ಕಳೆಯಿತು.

ಅಷ್ಟರಲ್ಲಿ ನಗರಸಭೆಗೆ ಊರಿನ ಹೊಗೆ ಕಡಿಮೆ ಮಾಡುವ ಮನಸ್ಸು ಬಂತು. ಆ ರಸ್ತೆಯ ಒಂದು ತುದಿಗೆ ಹೂಕುಂಡಗಳನ್ನಿಟ್ಟು ಮುಚ್ಚಿದರು. ಇನ್ನೊಂದು ತುದಿಯಿಂದ ಕೆಲಸವಿದ್ದವರ ಕಾರು ಮಾತ್ರ ಬರಬಹುದು. ಮೂರು ತಿಂಗಳ ಪರೀಕ್ಷೆ. ಕೊನೆಯ ದಿನ ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಗಣತಿ. ಹೋಗುವುದೂ ಬರುವುದೂ ಸೇರಿ ನಾನೂರು ದಾಟದಿದ್ದರೆ ಕುಂಡಗಳು ಶಾಶ್ವತ, ದಾಟಿದರೆ ಎತ್ತಂಗಡಿ. ಎಣಿಸುವವರು ಭಾವ.

ಆ ಮೂರು ತಿಂಗಳು ಅತ್ತೆ ದಿನಾ ಸಂಜೆ ಕೋಲೂರಿಕೊಂಡು ತಾವೊಬ್ಬರೇ ರಸ್ತೆ ದಾಟಿದರು. ನಡುರಸ್ತೆಯಲ್ಲಿ ಬೇಕೆಂದೇ ನಿಂತು, ಸೆರಗು ಸರಿಪಡಿಸಿಕೊಂಡು ಮುಂದೆ ಹೋಗುತ್ತಿದ್ದರು. ತಂಗಿಯ ಮನೆಯಲ್ಲಿ ಇಬ್ಬರೂ ಮಾಡುತ್ತಿದ್ದದ್ದು ಜಗಳವೇ. ನಾಲ್ಕು ವರ್ಷದ ಬಾಕಿ ಜಗಳ.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಕೊನೆಯ ದಿನ ಸಂಜೆ ಐದಕ್ಕೆ ಅದೇ ರಸ್ತೆಯಲ್ಲಿ ಒಂದು ಸಭೆ ಸೇರಿಸಿ, ಜನರ ಬೆಂಬಲ ತೋರಿಸಬೇಕೆಂದು ಹೊಳೆದದ್ದು ನನಗೆ. ಬಡಾವಣೆಯ ಸಜ್ಜನರೆಲ್ಲ ಒಪ್ಪಿದರು. ಒಪ್ಪಿದವರೆಲ್ಲ ಬಂದರು. ಬಂದದ್ದು ಕಾರಿನಲ್ಲಿ. ಮೂವತ್ತಾರು ಕಾರು! ಒಬ್ಬರು ಕುರ್ಚಿ ತಂದಿದ್ದರು, ಒಬ್ಬರು ಮೈಕು, ಒಬ್ಬರು ಬರೀ ಮೊಣಕಾಲು ನೋವು. ನನ್ನ ಮನೆ ಮೂರೇ ಬೀದಿ ಆಚೆ. ಆದರೆ "ಕಾರು ಬಿಡಿ, ಕಾಲು ನಂಬಿ" ಎಂದು ಅಚ್ಚು ಹಾಕಿಸಿದ ಇನ್ನೂರು ಕರಪತ್ರ ಹೊತ್ತು ನಡೆಯುವುದು ಕಷ್ಟವಲ್ಲವೇ?

ಎಲ್ಲರಿಗಿಂತ ಕೊನೆಗೆ ಬಂದ ನನ್ನ ಕಾರನ್ನು ತಿರುವಿನಲ್ಲಿ ನೋಡಿ ಭಾವ ಒಂದು ಗೆರೆ ಎಳೆದರು.

"ಭಾವ, ಇದು ಸಭೆಗೆ ಬಂದ ಕಾರು. ಇದನ್ನೂ ಎಣಿಸ್ತೀರಾ?"

"ಸಭೆಗೆ ಬಂದಿದ್ರೂ ಚಕ್ರ ನಾಲ್ಕೇ ಇವೆಯಲ್ಲಪ್ಪಾ."

"ಹಾಗಾದ್ರೆ ಈಗಲೇ ವಾಪಸ್ ತಗೊಂಡು ಹೋಗ್ತೀನಿ."

"ಹೋದ್ರೆ ಇನ್ನೊಂದು ಗೆರೆ. ನಿಮ್ಮ ಬುದ್ಧಿವಂತಿಕೆ ಸಾಕು, ಇಳಿದು ಆ ಕಡೆ ಕೂತ್ಕೊಳ್ಳಿ." ಆಮೇಲೆ ದನಿ ತಗ್ಗಿಸಿದರು. "ಮುನ್ನೂರ ಎಂಬತ್ತೆಂಟಾಗಿದೆ. ಮಾಮೂಲಿಯವು ಇನ್ನೂ ಐದಾರು ಬರ್ತವೆ. ನಿಮ್ಮವರು ಏಳರವರೆಗೆ ಕಾರು ಅಲ್ಲಾಡಿಸದಿದ್ರೆ ಉಳ್ಕೊಂಡೆವು."

ನಾನು ಓಡಿಹೋಗಿ ಮೈಕು ಹಿಡಿದೆ. "ದಯವಿಟ್ಟು ಏಳರವರೆಗೆ ಯಾರೂ ಕಾರು ತೆಗೆಯಬೇಡಿ. ಅರ್ಜೆಂಟ್ ಇದ್ದವರು ನಡೆದು ಹೋಗಿ, ಕಾರು ಆಮೇಲೆ ಒಯ್ಯಿರಿ!" ಜೋರು ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಮೊಣಕಾಲಿನವರು ಎದ್ದರು. "ನನ್ನದೊಂದೇ ತಾನೇ ಸಾರ್, ಒಂದರಿಂದ ಏನಾಗುತ್ತೆ?" ಎಂದು ಬೆನ್ನು ತಟ್ಟಿ ಹೋದರು. ಹಿಂದೆಯೇ ಮೈಕಿನವರು, ನನ್ನ ಕೈಯಿಂದ ಮೈಕನ್ನೂ ಕಿತ್ತುಕೊಂಡು. ಒಬ್ಬೊಬ್ಬರೂ ಒಂದೊಂದೇ. ಕಾರುಗಳಿಗೆ ಅಡ್ಡ ನಿಲ್ಲೋಣವೆಂದುಕೊಂಡೆ. ಎಲ್ಲರೂ ಪರಿಚಯದವರು, ಕೈ ಬೀಸುತ್ತಿದ್ದರು. ನಾನೂ ಬೀಸಿದೆ.

ಏಳು ಗಂಟೆಗೆ ಭಾವ ಕೂಡಿದರು. ನಾನೂರ ಹನ್ನೆರಡು. ಒಮ್ಮೆ ಕೂಡಿದ್ದನ್ನು ಇನ್ನೊಮ್ಮೆ ನೋಡದ ಮನುಷ್ಯ ಅವತ್ತು ಮೂರು ಸಲ ಕೂಡಿದರು, ಎಲ್ಲಾದರೂ ತಪ್ಪಿರಬಹುದೇ ಎಂದು. ತಪ್ಪಿರಲಿಲ್ಲ.

ತಂಗಿಯ ಮನೆಯಿಂದ ಬಂದ ಅತ್ತೆ ಮಗನ ಹೆಗಲ ಮೇಲೆ ಕೈಯಿಟ್ಟು ಬಗ್ಗಿ ನೋಡಿದರು. "ಎಷ್ಟೋ?"

ಹೇಳಿದರು.

"ಹೊಸ ಹಾಳೆಗೆ ಬರ್ಕೊಳ್ಳೋಕೆ ಆಗಲ್ವೇನೋ? ಹನ್ನೆರಡು ಗೆರೆ ಕಣೋ. ಯಾರಿಗೆ ಗೊತ್ತಾಗುತ್ತೆ?"

"ಹೋಗಿವೆಯಲ್ಲಮ್ಮಾ. ಕಣ್ಣಾರೆ ಕಂಡಿದ್ದೀನಲ್ಲ."

ಅತ್ತೆ ಬೈಯಲಿಲ್ಲ. "ಸರಿ, ಏಳು, ಬೆಳಗ್ಗೆಯಿಂದ ಕೂತಿದ್ದೀಯ" ಎಂದರು. ನನ್ನ ಕಡೆ ತಿರುಗಿ, "ಭಾಷಣ ಚೆನ್ನಾಗಿತ್ತಪ್ಪಾ" ಎಂದರು. ಬೈದಿದ್ದರೆ ವಾಸಿಯಿತ್ತು.

ಹನ್ನೆರಡರಲ್ಲಿ ನನ್ನದು ಒಂದೇ ಗೆರೆ, ಮರಳುವಾಗ ನಡೆದೇ ಹೋದೆ ಎಂದು ನಾನು ಈಗಲೂ ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಕೇಳುವವರು ತಲೆಯಾಡಿಸಿ ಕಾರು ಹತ್ತುತ್ತಾರೆ.

ಸೋಮವಾರ ಲಾರಿ ಬಂದು ಕುಂಡಗಳನ್ನು ಹೇರಿಕೊಂಡು ಹೋಯಿತು. ಈಗ ಸಂಜೆ ಅತ್ತೆ ಈಚೆ ಗೇಟಿನಲ್ಲಿ, ತಂಗಿ ಆಚೆ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮಾತು ಫೋನಿನಲ್ಲಿ. ಜಗಳವಾಡುವುದಿಲ್ಲ. ಅಷ್ಟು ಗದ್ದಲದಲ್ಲಿ ಜಗಳ ಸರಿಯಾಗಿ ಕೇಳಿಸುವುದಿಲ್ಲವಂತೆ.