ಮುದ್ದೆಯವರಿಗೆ ಕಾಳು, ರೊಟ್ಟಿಯವರಿಗೆ ಕಟ್ಟು

ಮುಚ್ಚಳ ತೆಗೆಯಬಾರದು ಅಂತ ಮಗಳು ಹತ್ತು ಸಲ ಹೇಳಿದ್ದಳು. ತೆಗೆದೆ. ಏನು ಮಾಡಲಿ ಹೇಳಿ, ಬೆಳಗಿನಿಂದ ಹುರುಳಿ ಬೇಯುವ ವಾಸನೆ ಅಡುಗೆಮನೆಯಿಂದ ಹೊರಟು, ನಡುಮನೆ ಸುತ್ತಿ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನನ್ನ ಮೂಗಿಗೇ ಬಂದು ನಿಂತರೆ ಸುಮ್ಮನಿರಲು ನಾನೇನು ಋಷಿಯೇ? ಒಂದು ಕ್ಷಣ ಎತ್ತಿ, ಬಗ್ಗಿ, ಮೂಸಿ, ಕಳ್ಳಿಯ ಹಾಗೆ ಮತ್ತೆ ಮುಚ್ಚಿದೆ. ಅಷ್ಟರಲ್ಲಿ ಕನ್ನಡಕವೆಲ್ಲ ಮಂಜಾಗಿತ್ತು.

ಇದಕ್ಕೆ ಸ್ಲೋ ಕುಕ್ಕರ್ ಅಂತ ಹೆಸರು. ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಮಗಳು ತಂದುಕೊಟ್ಟದ್ದು. "ಅಮ್ಮ, ಬೆಳಿಗ್ಗೆ ಎಲ್ಲಾ ಹಾಕಿ ಸ್ವಿಚ್ ಒತ್ತಿ ಅಂಗಡಿಗೆ ಹೋಗು. ಸಂಜೆ ನೀನು ಬರೋಷ್ಟೊತ್ತಿಗೆ ಊಟ ತಯಾರಾಗಿರ್ತೈತೆ" ಅಂದಳು. ಚನ್ನಗಿರಿ ಬಸ್ ನಿಲ್ದಾಣದ ಹಿಂದೆ ನನ್ನದೊಂದು ರವಿಕೆ ಹೊಲಿಯುವ ಅಂಗಡಿ ಇದೆ. ಮದುವೆ ಕಾಲದಲ್ಲಿ ಕತ್ತರಿ ಕೆಳಗಿಡಲು ಪುರುಸೊತ್ತಿರುವುದಿಲ್ಲ. ಹಾಗಾಗಿ ಇಂಥ ಪಾತ್ರೆ ನನಗೆ ವರವೇ ಸರಿ. ಆದರೆ ಮೂರು ಸೀಟಿಗೆ ಬೇಳೆ, ಐದು ಸೀಟಿಗೆ ಕಾಳು ಅಂತ ಲೆಕ್ಕ ಹಾಕಿಕೊಂಡು ಇಷ್ಟು ವರ್ಷ ಬದುಕಿದವಳಿಗೆ ಸೀಟಿಯೇ ಹಾಕದ ಕುಕ್ಕರನ್ನು ನಂಬುವುದು ಸುಲಭವಲ್ಲ. ಮೊದಲ ದಿನ ಅದು ಕೆಟ್ಟಿದೆ ಅಂದುಕೊಂಡು ಮಗಳಿಗೆ ಫೋನ್ ಮಾಡಿದ್ದೆ. ಇನ್ನೊಂದು ದಿನ ಕರೆಂಟ್ ಹೋಯಿತು. ಕಾವು ಆರಿಬಿಟ್ಟರೆ ಕಾಳು ಕಲ್ಲಾಗುತ್ತದಲ್ಲ ಅಂತ ಅದಕ್ಕೊಂದು ಕಂಬಳಿ ಹೊದಿಸಿದೆ. ನನ್ನ ಯಜಮಾನರು ಒಳಗೆ ಬಂದವರು ನಿಂತು ನೋಡಿ, "ಏನೇ ಇದು, ಅದಕ್ಕೇನು ಚಳಿಜ್ವರ ಬಂದೈತಾ?" ಅಂದರು. ನಗಲಿ ಬಿಡಿ. ಅವತ್ತಿನ ಸಾರನ್ನು ಎರಡು ಸಲ ಬಡಿಸಿಕೊಂಡವರೂ ಅವರೇ.

ಇವತ್ತು ಭಾನುವಾರ, ಅಂಗಡಿಗೆ ರಜೆ. ಮನೆಯಲ್ಲೇ ಕೂತರೆ ನನ್ನ ಕಿವಿ ತಾನಾಗಿ ಮೇಲಿನ ಮನೆಯ ಕಡೆ ಹೋಗುತ್ತದೆ. ಮೇಲೆ ನನ್ನ ವಾರಗಿತ್ತಿ ಶೈಲಾ ಇದ್ದಾಳೆ. ಅಣ್ಣತಮ್ಮಂದಿರಿಬ್ಬರೂ ಸೇರಿ ಕಟ್ಟಿಸಿದ ಮನೆ ಇದು. ಕೆಳಗೆ ನಾವು, ಮೇಲೆ ಅವರು, ನಡುವೆ ನಮ್ಮ ಪಡಸಾಲೆಯಿಂದಲೇ ಹತ್ತುವ ಒಂದು ಒಳಮೆಟ್ಟಿಲು. ಮೋಟಾರು ರಿಪೇರಿ ಅಂಗಡಿಗೆ ಅಣ್ಣತಮ್ಮಂದಿರು ಇವತ್ತಿಗೂ ಒಂದೇ ಬೈಕಿನಲ್ಲಿ ನಗುತ್ತಾ ಹೋಗುತ್ತಾರೆ. ಮಾತು ಬಿಟ್ಟಿರುವವರು ನಾವಿಬ್ಬರೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ವಾರಗಿತ್ತಿಯರ ಜಗಳಕ್ಕೆ ಅಂಥ ವಾಯಿದೆಯನ್ನು ಯಾರೂ ಇಟ್ಟಿಲ್ಲ.

ಕಾರಣ ಕೇಳಿದರೆ ನೀವು ನಗುತ್ತೀರಿ. ಸಂಡಿಗೆ. ಬೇಸಿಗೆಯಲ್ಲಿ ನಾನು ತಾರಸಿಯ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟು ಬಂದಿದ್ದೆ. ಅವಳು ನೋಡದೆ ನೀರಿನ ಟ್ಯಾಂಕ್ ತೊಳೆದು ನೀರು ಬಿಟ್ಟಳು. ಸಂಡಿಗೆ ಗಂಜಿಯಾಯಿತು. ಅವಳು ಪಾಪ ಓಡಿ ಬಂದು ಹೇಳಿದ್ದಳು. ನಾನು ಸುಮ್ಮನಿರಬೇಕಿತ್ತು. "ಮೇಲಿರೋರಿಗೆ ಕೆಳಗಿರೋರ ಕಷ್ಟ ಎಲ್ಲಿ ಕಾಣಬೇಕು!" ಅಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. "ಹಂಗಾದ್ರೆ ಮೇಲಿರೋರು ಮೇಲೇ ಇರ್ತೀವಿ ಬಿಡ್ರಿ ಅಕ್ಕ. ಇನ್ನು ಈ ಮೆಟ್ಟಿಲು ಇಳಿಯಲ್ಲ" ಅಂತ ಹೇಳಿ ಹೋದಳು. ಅಂದಿನಿಂದ ಅವಳ ಓಡಾಟವೆಲ್ಲ ಹೊರಗಿನ ಕಬ್ಬಿಣದ ಮೆಟ್ಟಿಲಲ್ಲಿ. ನಾನಾದರೂ ಹತ್ತಿ ಹೋಗಬಹುದಿತ್ತು. ನನಗೆ ಮಂಡಿ ನೋವು ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಮಂಡಿ ನೋವು ಇರುವುದು ನಿಜ. ಆದರೆ ಮಡಚಲು ಒಪ್ಪದೆ ಇದ್ದದ್ದು ಮಂಡಿಯೊಂದೇ ಅಲ್ಲ. ಒಳಮೆಟ್ಟಿಲ ಮೇಲೆ ಈಗ ಈರುಳ್ಳಿ ಬುಟ್ಟಿ ಇಟ್ಟಿದ್ದೇನೆ.

ಹೋದ ವಾರ ಮೈದುನ ಬಂದು, "ಅತ್ತಿಗೆ, ಹೆಂಗೂ ಈ ಒಳಮೆಟ್ಟಿಲಲ್ಲಿ ಯಾರೂ ಓಡಾಡಲ್ಲ. ಮೇಲಿನ ಬಾಗಿಲ ಜಾಗಕ್ಕೆ ಇಟ್ಟಿಗೆ ಕಟ್ಟಿಸಿಬಿಟ್ರೆ ಇಬ್ಬರಿಗೂ ಒಂದೊಂದು ಸಣ್ಣ ಕೋಣೆ ಸಿಗ್ತೈತೆ. ಗಾರೆಯೋನಿಗೆ ಸೋಮವಾರ ಬರಾಕೆ ಹೇಳಲಾ?" ಅಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. "ನೋಡಪ್ಪ, ನಿಮ್ಮಿಷ್ಟ" ಅಂದೆ. ಅಂದವಳಿಗೆ ಅವತ್ತಿನಿಂದ ಅನ್ನ ಸೇರುತ್ತಿಲ್ಲ. ಆ ಗೋಡೆ ಏಳಬಾರದು. ಆದರೆ ಹಿರಿಯಳಾದ ನಾನೇ ಮೊದಲು ಹೋಗಿ ಮಾತಾಡಿಸುವುದು ಹೇಗೆ? ಸೋಮವಾರ ಅಂದರೆ ನಾಳೆ.

ಇದನ್ನೇ ಯೋಚಿಸುತ್ತಾ ಕುಕ್ಕರಿನ ಮುಂದೆ ನಿಂತಿದ್ದೆ. ಆ ವಾಸನೆ ನನ್ನನ್ನು ಹೊನ್ನಾಳಿಗೆ ಎಳೆದುಕೊಂಡು ಹೋಯಿತು.

ಹೊನ್ನಾಳಿ ನನ್ನ ತವರು. ಹೊಳೆಯ ಕಡೆ ಗದ್ದೆ, ಊರೊಳಗೆ ಮನೆ, ಮನೆಯ ಹತ್ತಿರವೇ ಭತ್ತದ ಮಿಲ್ಲು. ಮಿಲ್ಲಿದ್ದ ಮೇಲೆ ಹೊಟ್ಟಿಗೆ ಬರವೇ? ನಮ್ಮಜ್ಜಿ, ಅಪ್ಪನ ತಾಯಿ, ಹೊಟ್ಟಿನ ಒಲೆಯ ಮಹಾರಾಣಿ. ಹಳೇ ಡಬ್ಬವೊಂದರ ಬುಡದ ಪಕ್ಕದಲ್ಲಿ ತೂತು. ಡಬ್ಬದ ನಡುವೆ ಒಂದು ಬಾಟಲಿ ನಿಲ್ಲಿಸಿ, ಕೆಳಗಿನ ತೂತಿನಿಂದ ಬಾಟಲಿಗೆ ತಾಗುವಂತೆ ಒಂದು ಕೋಲು ಇಟ್ಟು, ಸುತ್ತಲೂ ಭತ್ತದ ಹೊಟ್ಟನ್ನು ಗಿಡಿದು ಗಿಡಿದು ತುಂಬುವುದು. ಆಮೇಲೆ ಬಾಟಲಿ, ಕೋಲು ಎರಡನ್ನೂ ಮೆಲ್ಲಗೆ ತಿರುಗಿಸಿ ಎಳೆದರೆ ಗಾಳಿಗೆ ದಾರಿಯಾಯಿತು. ಕೆಳಗಿನಿಂದ ಕಿಡಿ ಮುಟ್ಟಿಸಿ ಮೇಲೆ ಮಣ್ಣಿನ ಗಡಿಗೆ ಇಟ್ಟರೆ ಮುಗಿಯಿತು. ಊದುವುದಿಲ್ಲ, ಸೌದೆ ದೂಡುವುದಿಲ್ಲ. ಗದ್ದೆಗೆ ಹೋಗಿ ಕಳೆ ಕಿತ್ತು ಬರುವಷ್ಟರಲ್ಲಿ ಹುರುಳಿ ಬೆಣ್ಣೆಯಾಗಿರುತ್ತಿತ್ತು. ಕರೆಂಟಿಲ್ಲದ, ಬಿಲ್ಲಿಲ್ಲದ ಸ್ಲೋ ಕುಕ್ಕರ್! ಮಗಳಿಗೆ ಇದನ್ನು ಹೇಳಿದರೆ "ಶುರುವಾಯ್ತಾ ನಿನ್ನ ಪುರಾಣ" ಅನ್ನುತ್ತಾಳೆ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಆ ಮನೆಯಲ್ಲೂ ವಾರಗಿತ್ತಿಯರಿಬ್ಬರು. ದೊಡ್ಡಮ್ಮ ಜಗಳೂರಿನ ಕಡೆಯವಳು. ಮುದ್ದೆಯಿಲ್ಲದೆ ಅವಳಿಗೂ ದೊಡ್ಡಪ್ಪನಿಗೂ ಊಟ ಊಟವೇ ಅಲ್ಲ. ನಮ್ಮಮ್ಮ ನ್ಯಾಮತಿಯವಳು, ರೊಟ್ಟಿ ಬಡಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ಯುಗಾದಿಗೆ ನೆಂಟರು ಬಂದಿದ್ದರು. ಅಮ್ಮ ರುಬ್ಬಿದ ಹೋಳಿಗೆ ಹೂರಣ ತೆಳ್ಳಗಾಗಿತ್ತು. ದೊಡ್ಡಮ್ಮ ಎಲ್ಲರ ಎದುರಿಗೆ, "ನಿಮ್ಮ ಊರ ಕಡೆ ಹೂರಣ ಹಿಂಗೇ ನೀರಾಗಿರ್ತೈತಾ?" ಅಂದುಬಿಟ್ಟಳು. ನೋಡಿ, ಹೆಣ್ಣುಮಗಳಿಗೆ ಏನಾದರೂ ಅನ್ನಿ, ತವರಿನ ತಂಟೆಗೆ ಮಾತ್ರ ಹೋಗಬಾರದು. ಅಮ್ಮ ಅಂದು ಹೋಳಿಗೆಯನ್ನೇ ಮುಟ್ಟಲಿಲ್ಲ. ಮರುವಾರ ಅಡುಗೆಮನೆಯ ಈ ಮೂಲೆಗೊಂದು ಒಲೆ, ಆ ಮೂಲೆಗೊಂದು ಒಲೆ ಆಯಿತು.

ಅಜ್ಜಿ ಬಯ್ಯಲಿಲ್ಲ, ಅಳಲಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಗೆ ಬಂದು ಕೂತಳು. ನಾನು ಪಕ್ಕದಲ್ಲಿದ್ದೆ. "ಇವತ್ತು ಒಲೆ ಎರಡಾತು. ನಾಳೆ ಮನೆಗೆ ಗೋಡೆ ಬರ್ತೈತೆ, ನಾಡಿದ್ದು ಗದ್ದೆಗೆ ಬದು ಬೀಳ್ತೈತೆ. ನಾನು ಕಣ್ಣು ಮುಚ್ಚೋದ್ರೊಳಗೆ ಅದನ್ನ ನೋಡಬೇಕಾ?" ಅಂತ ತನಗೆ ತಾನೇ ಅಂದುಕೊಂಡಳು. ಆಮೇಲೆ ಒಳಗೆ ಹೋಗಿ ಸೊಸೆಯರಿಬ್ಬರಿಗೂ ಕೇಳುವಂತೆ ಹೇಳಿದಳು: "ಒಲೆ ಬೇರೆ ಮಾಡ್ಕಂಡ್ರಿ, ಸಂತೋಷ. ಹೊಟ್ಟಿನ ಒಲೆ ನಂದು, ಗಡಿಗೆ ನಂದು. ಹುರುಳಿ ಬೇಯಿಸಾದು ಮಾತ್ರ ನಾನೇ."

ಹುರುಳಿ ಬೆಂದ ಮೇಲೆ ಬಸಿದರೆ ಎರಡು ವಸ್ತು ಸಿಗುತ್ತವೆ ಅನ್ನುವುದು ನಿಮಗೆ ಗೊತ್ತು. ಬಸಿದ ಗಟ್ಟಿ ನೀರು ಕಟ್ಟು, ಅದರಿಂದ ಸಾರು. ಉಳಿದದ್ದು ಕಾಳು, ಅದರಿಂದ ಪಲ್ಯ. ಮುದ್ದೆ ನುಂಗಲು ಸಾರು ಬೇಕು, ರೊಟ್ಟಿಗೆ ಪಲ್ಯ ಬೇಕು. ಅವತ್ತು ಸಂಜೆ ಅಜ್ಜಿ ಗಡಿಗೆ ಇಳಿಸಿ ಬಸಿದಳು. ಕಾಳನ್ನೆಲ್ಲ ಮುದ್ದೆ ಮಾಡುವ ದೊಡ್ಡಮ್ಮನ ಮುಂದೆ ಇಟ್ಟಳು. ಕಟ್ಟನ್ನೆಲ್ಲ ರೊಟ್ಟಿ ಬಡಿಯುವ ಅಮ್ಮನ ಮುಂದೆ ಇಟ್ಟಳು. ಇಟ್ಟವಳು ಜಪಮಣಿ ಹಿಡಿದು ಕಣ್ಣು ಮುಚ್ಚಿದಳು.

ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಅದಲು ಬದಲು ಆತಲ್ಲ? ಮುದ್ದೆಯೋರಿಗಲ್ವಾ ಕಟ್ಟು?" ಅಂದೆ. ಅಜ್ಜಿ ಒಂದೇ ಕಣ್ಣು ತೆರೆದು, "ನಂಗೆ ವಯಸ್ಸಾತು ಕಣೆ. ಮರೆವು" ಅಂದಳು. ಊರಿನ ಅರ್ಧ ಮಕ್ಕಳು ಹುಟ್ಟಿದ ದಿನ, ನಕ್ಷತ್ರ ಬಾಯಲ್ಲಿಟ್ಟುಕೊಂಡಿದ್ದ ಹೆಂಗಸು!

ಆ ಮರೆವು ಹುರುಳಿ ಬೆಂದಾಗಲೆಲ್ಲ ಬರತೊಡಗಿತು. ದೊಡ್ಡಪ್ಪ ಮುದ್ದೆಯನ್ನು ಒಣ ಕಾಳಿಗೆ ಒತ್ತಿ ಬಾಯಿಗಿಟ್ಟು, ಗಂಟಲಲ್ಲಿ ಸಿಕ್ಕಿಸಿಕೊಂಡು, ನೀರು ಕುಡಿದು, "ಇದನ್ನ ನುಂಗಾದು ಹೆಂಗೆ ಶಿವನೇ" ಅನ್ನುತ್ತಿದ್ದ. ಇತ್ತ ಅಪ್ಪ ಗರಿಗರಿ ರೊಟ್ಟಿಯನ್ನು ನೀರುಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದ. ನೀರುಸಾರು ಯಾಕೆಂದರೆ, ಮಸಾಲೆಗೆ ಒಂದು ಹಿಡಿ ಬೆಂದ ಕಾಳು ಹಾಕಿ ರುಬ್ಬದಿದ್ದರೆ ಕಟ್ಟಿನ ಸಾರು ಮಂದವಾಗುವುದಿಲ್ಲ. ಕಾಳೆಲ್ಲ ಆಚೆ ಮೂಲೆಯಲ್ಲಿ. ನಡುವೆ ನಾಲ್ಕು ಮಾರು ನೆಲ, ಅಷ್ಟೇ. ಇಬ್ಬರಲ್ಲಿ ಯಾರೂ ದಾಟಲಿಲ್ಲ. ಎರಡು ಜಡೆ ಒಂದು ಕಡೆ ಸೇರಲ್ಲ ಅನ್ನುವುದು ಸುಳ್ಳಲ್ಲ ಅಂತ ಗಂಡಸರು ಗೊಣಗಿಕೊಂಡು ಉಂಡೆದ್ದರು.

ಒಂದು ಸಂಜೆ ದೊಡ್ಡಮ್ಮ ಮುದ್ದೆ ತಿರುವುತ್ತಿದ್ದಳು. ಮನೆಯ ಬೆಕ್ಕು ಒಲೆ ಹತ್ತಿರ ಮಲಗಿತ್ತು. ಅವಳು ಕೋಲು ಬಿಡದೆ ಬೆಕ್ಕಿಗೆ ಹೇಳಿದಳು: "ನೋಡು, ಒಂದು ಸೌಟು ಕಟ್ಟು ಕೊಡಾಕೆ ಕೆಲವರಿಗೆ ಕೈ ಬರಲ್ಲ."

ಅಮ್ಮ ರೊಟ್ಟಿ ಬಡಿಯುತ್ತಲೇ ಅದೇ ಬೆಕ್ಕಿಗೆ ಹೇಳಿದಳು: "ಕೇಳಿದ್ರೆ ಕೊಡಲ್ಲ ಅಂದೋರು ಯಾರಂತೆ?"

ಬೆಕ್ಕು ಇಬ್ಬರ ಮುಖವನ್ನೂ ನೋಡಿ ಎದ್ದು ಹೋಯಿತು. ಇನ್ನು ಮಾತಾಡಿದರೆ ನೇರವಾಗಿಯೇ ಆಡಬೇಕು. ಅಮ್ಮ ಹೆಂಚಿನ ಮೇಲಿದ್ದ ರೊಟ್ಟಿ ತೆಗೆದಿಟ್ಟಳು. ಆಮೇಲೆ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಹೋಗಿ ಆ ಒಲೆಯ ಪಕ್ಕ ಇಟ್ಟಳು. ದೊಡ್ಡಮ್ಮ ಸೌಟಿನಿಂದ ಎತ್ತಿ ನೋಡಿ, ಅಭ್ಯಾಸಬಲದಿಂದ, "ಒಂದು ಹಿಡಿ ಕಾಳು ತಗಂಡು ರುಬ್ಬಿ ಹಾಕೆ, ನಿನ್ನ ಸಾರು ನೀರಾಗೈತೆ" ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅದೇ ಮಾತು, ನೀರು! ಅಜ್ಜಿಯ ಜಪಮಣಿ ನಿಂತಿತು.

ಅಮ್ಮ ಅಂದಳು: "ಹೂಂ ಅಕ್ಕ. ನಮ್ಮ ಊರ ಕಡೆ ಎಲ್ಲಾ ನೀರೇ."

ಮೊದಲು ನಕ್ಕವಳು ಯಾರು ಅಂತ ಗೊತ್ತಾಗಲಿಲ್ಲ. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವತ್ತು ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಮುದ್ದೆಯನ್ನೂ ಉಂಡೆವು, ರೊಟ್ಟಿಯನ್ನೂ ಉಂಡೆವು. ಆಮೇಲೆ ಅವರು ಜಗಳ ಆಡಲಿಲ್ಲವೇ? ಆಡಿದರು, ಧಾರಾಳವಾಗಿ ಆಡಿದರು. ಒಲೆಗಳೂ ಎರಡೇ ಉಳಿದವು. ಗೋಡೆ ಮಾತ್ರ ಏಳಲಿಲ್ಲ, ಅಜ್ಜಿ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು.

ಇಲ್ಲಿ ಕುಕ್ಕರಿನ ದೀಪ ತಾನಾಗಿ ಆರಿತು. ಮೇಲಿನಿಂದ ಮುದ್ದೆ ತಿರುವುವ ಸದ್ದು ಕೇಳತೊಡಗಿತು. ಹೇಳಲು ಮರೆತೆ, ಶೈಲಾ ಕೂಡ ಜಗಳೂರಿನ ಕಡೆಯವಳೇ. ನಾನು ಹುರುಳಿ ಬಸಿದೆ. ಕಾಳನ್ನು ಡಬ್ಬಿಗೆ ತುಂಬಿ ಯಜಮಾನರ ಕೈಗೆ ಕೊಟ್ಟೆ.

"ಮೇಲೆ ಕೊಟ್ಟು ಬರ್ರಿ."

ಅವರು ಡಬ್ಬಿ ತೆರೆದು ನೋಡಿದರು. "ಬರೀ ಕಾಳು ಐತಲ್ಲೇ. ಅವರು ಮುದ್ದೆ ಉಣ್ಣೋರು, ಕಟ್ಟು ಕೊಡಲ್ವಾ?"

"ನಂಗೆ ವಯಸ್ಸಾತು. ಮರೆವು" ಅಂದೆ.

ಅವರು ನನ್ನನ್ನು ಒಂದು ಥರಾ ನೋಡಿ ಹೋದರು. ಹೋದವರು ಬರಿಗೈಲಿ ಬಂದರು. ನಾನು ಸಾರಿಗೆ ಒಗ್ಗರಣೆ ಹಾಕಿದೆ, ಬೇಕೆಂದೇ ಬೆಳ್ಳುಳ್ಳಿ ಎರಡು ಎಸಳು ಹೆಚ್ಚು. ಮೇಲೆ ಮುದ್ದೆ ಕೋಲಿನ ಸದ್ದು ನಿಂತಿತು. ಈ ವಯಸ್ಸಿನಲ್ಲಿ ಹುರುಳಿಕಾಳಿಗಾಗಿ ಹೀಗೆ ಕಾಯುತ್ತೇನೆ ಅಂತ ಯಾರಿಗೆ ಗೊತ್ತಿತ್ತು? ಆಮೇಲೆ ಒಳಮೆಟ್ಟಿಲ ಮೇಲಿನ ಬಾಗಿಲ ಚಿಲಕ ಕಿರುಗುಟ್ಟಿತು.

"ಅಕ್ಕಾ, ಕಾಳು ಕೊಟ್ಟು ಕಟ್ಟು ನೀವೇ ಇಟ್ಕಂಡ್ರೆ ನಾವು ಮುದ್ದೆ ನುಂಗಾದು ಹೆಂಗ್ರೀ?"

"ಬೇಕಾದೋರು ಇಳಿದು ಬರಬೇಕಪ್ಪ" ಅಂದೆ. ಧ್ವನಿ ಗಟ್ಟಿಯಾಗಿ ಬರಲಿ ಅಂದುಕೊಂಡಿದ್ದೆ, ನಡುಗಿಬಿಟ್ಟಿತು.

"ಇಳೀತೀನಿ, ಮೊದಲು ನಿಮ್ಮ ಈರುಳ್ಳಿ ಬುಟ್ಟಿ ತೆಗೀರಿ."

ತೆಗೆದೆ. ಅವಳು ಇಳಿದು ಬಂದಳು. ಸಾರಿಗೆ ಪಾತ್ರೆ ತಂದಿರಲಿಲ್ಲ. ಎರಡು ಮನೆಗಾಗುವಷ್ಟು ಮುದ್ದೆ ತಟ್ಟೆಯಲ್ಲಿ ತಂದಿದ್ದಳು. ಪಕ್ಕದಲ್ಲಿ ಒಂದು ರಾಶಿ ಕರಿದ ಸಂಡಿಗೆ. ಸೊಟ್ಟಂಬಟ್ಟ, ಒಂದೊಂದು ಒಂದೊಂದು ಆಕಾರ. "ಅವತ್ತು ಹಾಳಾದುವಕ್ಕೆ ಬದಲು ಅಂತ ಮಾಡಿಟ್ಟಿದ್ದೆ ಅಕ್ಕ. ಕೊಡಾಕೆ ಬರಲೇ ಇಲ್ಲ" ಅಂದಳು. ಬೇಸಿಗೆಯಲ್ಲೇ ನನ್ನ ತಲೆಯ ಮೇಲಿನ ತಾರಸಿಯಲ್ಲಿ ಒಣಗಿದ ಸಂಡಿಗೆ, ಹತ್ತದೇ ಕೂತಿದ್ದ ನನಗೆ ಕಂಡಿರಲಿಲ್ಲ. ಕಣ್ಣು ತುಂಬಿ ಬಂತು. ಒಗ್ಗರಣೆ ಹೊಗೆ ಅಂದೆ. ಅವಳು ನಂಬಲಿಲ್ಲ.

ಎಲ್ಲರೂ ಪಡಸಾಲೆಯಲ್ಲೇ ಉಣ್ಣಲು ಕೂತೆವು. ಮೈದುನ ಎರಡನೇ ಮುದ್ದೆಗೆ ಸಾರು ಹಾಕಿಸಿಕೊಳ್ಳುತ್ತಾ ಒಮ್ಮೆ ನನ್ನ ಮುಖ, ಒಮ್ಮೆ ಹೆಂಡತಿಯ ಮುಖ ನೋಡಿ, "ಹಂಗಾದ್ರೆ ನಾಳೆ ಗಾರೆಯೋನಿಗೆ ಬರಬ್ಯಾಡ ಅಂತ ಹೇಳಲಾ?" ಅಂದ.

"ಬರಲಿ ಬಿಡ್ರಿ" ಅಂದಳು ಶೈಲಾ, ಮುದ್ದೆ ಮುರಿಯುತ್ತಾ. "ಈ ಮೆಟ್ಟಿಲಿಗೆ ಕೈ ಹಿಡ್ಕಳಾಕೆ ಒಂದು ಕಂಬಿ ಹಾಕಿ ಹೋಗಲಿ. ಅಕ್ಕನಿಗೆ ಮಂಡಿ ನೋವು, ಮೇಲೆ ಹತ್ತಿ ಬರಬೇಕಲ್ಲ."