ಕ್ಯಾನಿಗೂ ಕಿವಿ ಚುಚ್ಚುತ್ತಿದ್ದವರು

ಮುಂಗಾರಿನ ಬಿತ್ತನೆ ಶುರುವಾಯಿತೆಂದರೆ ಅವರ ಹತ್ತು ಬೆರಳೂ ಗುಲಾಬಿ ಬಣ್ಣಕ್ಕೆ ತಿರುಗುತ್ತಿದ್ದವು. ಔಷಧಿ ಸವರಿದ ಮುಸುಕಿನ ಜೋಳದ ಬೀಜದ ಬಣ್ಣ ಅದು; ಉಗುರಿನ ಸಂದಿಗೆ ಸೇರಿದರೆ ಬೇಗ ಬಿಡದು. "ಮದರಂಗಿ ಹಾಕ್ಕೊಂಡಿದೀರಾ?" ಎಂದು ಒಮ್ಮೆ ಕೇಳಿದ್ದೆ. "ಹೂಂ ಕಣಮ್ಮ, ಈ ವಯಸ್ಸಿಗೆ ಇನ್ನೊಂದು ಮದುವೆ," ಎಂದು ನಕ್ಕು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

ಹಳೇಬೀಡಿನಲ್ಲಿ ನಮ್ಮ ಎದುರುಮನೆಯ ಯಜಮಾನರು ಅವರು. ಬೇಲೂರು ರಸ್ತೆಯಲ್ಲಿ ಬೀಜ, ಗೊಬ್ಬರ, ಹುಳದ ಔಷಧಿಯ ಅಂಗಡಿ. ಕಾನ್ವೆಂಟ್ ಶಾಲೆಯಲ್ಲಿ ಪಾಠ ಹೇಳುವ ನನ್ನನ್ನು ಕರೆಯುತ್ತಿದ್ದದ್ದು 'ಕಾನ್ವೆಂಟಮ್ಮ' ಎಂದೇ. ಕಂಪನಿಗಳ ಕಡೆಯವರು ಅವರ ಜಗುಲಿಗೇ ಬರುತ್ತಿದ್ದರು. ಬೀಜದ ಕಂಪನಿಯವನು ಮಾತಿಗೆ ಮೊದಲು ಆಕಾಶ ನೋಡುತ್ತಿದ್ದ. ಗೊಬ್ಬರದ ಕಂಪನಿಯವನ ಪ್ಯಾಂಟಿನ ತುದಿ ಗೊಬ್ಬರದ ಧೂಳಿನಿಂದ ಸದಾ ಬೆಳ್ಳಗೆ. ಔಷಧಿ ಕಂಪನಿಯವನು ಸೆಂಟು ಹಾಕಿಕೊಂಡು ಬರುತ್ತಿದ್ದ. ಆಲೂಗಡ್ಡೆ ಕೊಳ್ಳುವ ಚಿಪ್ಸ್ ಕಂಪನಿಯವನು ಕಾರಿನಿಂದ ಇಳಿಯುತ್ತಲೇ ಇರಲಿಲ್ಲ. ಅವನ ಕಾಫಿ ಕಾರಿಗೇ ಹೋಗುತ್ತಿತ್ತು.

"ಬಿತ್ತೋಕೊಂದು ಕಂಪನಿ, ಬೆಳೆಸೋಕೊಂದು, ಹುಳ ಸಾಯ್ಸೋಕೊಂದು, ಬೆಳೆ ಕೊಳ್ಳೋಕೆ ಇನ್ನೊಂದು," ಎನ್ನುತ್ತಿದ್ದರು. "ಖಾಲಿ ಕ್ಯಾನು ಕೇಳ್ಕೊಂಡು ಮಾತ್ರ ಯಾರೂ ಬರಲ್ಲ ಕಣಮ್ಮ."

ಅದನ್ನು ಕೇಳುತ್ತಿದ್ದವರು ಅವರೊಬ್ಬರೇ. ಔಷಧಿಯ ಖಾಲಿ ಕ್ಯಾನು ತಂದವರಿಗೆ ಒಂದು ಪೊಟ್ಟಣ ಸೊಪ್ಪಿನ ಬೀಜ ಕೊಡುತ್ತಿದ್ದರು. ಭಾನುವಾರ ಮಧ್ಯಾಹ್ನ ಜಗುಲಿಯಲ್ಲಿ ಕುಳಿತು ಒಂದೊಂದಕ್ಕೂ ಮೊಳೆ ಬಡಿದು ತೂತು ಮಾಡುತ್ತಿದ್ದರು.

"ಏನ್ ಯಜಮಾನ್ರೇ, ಕ್ಯಾನಿಗೂ ಕಿವಿ ಚುಚ್ತೀರಾ?" ಎಂದು ರೈತರು ರೇಗಿಸುವರು.

"ಹೂಂ ಕಣ್ಲಾ, ಓಲೆ ನೀನ್ ಕೊಡ್ಸು."

ಬೀದಿಯಲ್ಲಿ ಮಗು ಅತ್ತರೆ ಮಾತ್ರ ಸುತ್ತಿಗೆ ನಿಲ್ಲುತ್ತಿತ್ತು. ಅಳು ನಿಂತು ಎಷ್ಟೋ ಹೊತ್ತಾದ ಮೇಲೆ ಮತ್ತೆ ಶುರು.

ಹುಲಿಕೆರೆಯ ಒಂದು ಗೃಹಪ್ರವೇಶಕ್ಕೆ ಎರಡೂ ಮನೆಯವರು ಅವರ ಕಾರಿನಲ್ಲಿ ಒಟ್ಟಿಗೆ ಹೋಗಿದ್ದೆವು. ಬಿಸಿಲು ಸುಡುತ್ತಿತ್ತು. ಚಪ್ಪರದ ಬಾಯಲ್ಲಿ ಮಕ್ಕಳಿಗೆ ಮಜ್ಜಿಗೆ ಹಂಚಲು ಸಾಲು ಮಾಡಿದ್ದರು. ಮುಂದೆ ನಿಂತವಳು ನನ್ನ ಮಗಳು. ಮಜ್ಜಿಗೆ ತುಂಬಿದ್ದು ಬಾಯಿ ಕೊಯ್ದ ದೊಡ್ಡ ಬಿಳಿ ಕ್ಯಾನಿಗೆ; ಮೈಮೇಲಿನ ಕಂಪನಿ ಚೀಟಿ ಕೆರೆದು ತೆಗೆದಿದ್ದರು, ಮಜ್ಜಿಗೆಯ ಮೇಲೆ ಕೊತ್ತಂಬರಿ ಎಸಳು ತೇಲುತ್ತಿತ್ತು. ಎದುರುಮನೆ ಯಜಮಾನರು ಅದನ್ನು ಕಂಡದ್ದೇ ಚಪ್ಪಲಿ ಬಿಟ್ಟು ಓಡಿ ಹೋಗಿ ಕಾಲಿನಿಂದ ಒದ್ದುಬಿಟ್ಟರು. ಮಜ್ಜಿಗೆಯೆಲ್ಲ ರಂಗೋಲಿಯ ಮೇಲೆ ಹರಿಯಿತು.

"ತಲೆ ಕೆಟ್ಟೈತೇನ್ರೀ? ಶುಭಕಾರ್ಯದಲ್ಲಿ ಇಂಥ ಕೆಲ್ಸ!" ಗೃಹಪ್ರವೇಶದ ಮನೆಯವನು ಕೂಗಾಡಿದ. "ಬಿಸಿನೀರಲ್ಲಿ ತಿಕ್ಕಿ ತಿಕ್ಕಿ ತೊಳ್ದಿದೀವಿ. ವಾಸ್ನೆ ಐತಾ, ನೀವೇ ಮೂಸಿ ನೋಡ್ರಿ!"

"ನಾವೂ ತೊಳ್ದಿದ್ವಿ ಕಣಪ್ಪ," ಎಂದರು ಅವರು. ಊಟವನ್ನೂ ಮಾಡದೆ ಕಾರಿನಲ್ಲಿ ಹೋಗಿ ಕುಳಿತರು.

ಮನೆಗೆ ಬಂದ ಮೇಲೆ ಗೇಟಿನ ಹತ್ತಿರ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. ನಾನು ಅಕ್ಕ ಎನ್ನುತ್ತಿದ್ದೆ. ಅವರಿಗೊಬ್ಬಳು ಮಗಳಿದ್ದಳಂತೆ. ಅಂಗಡಿ ಹಾಕಿದ ಹೊಸದರಲ್ಲಿ, ಹೊಲಕ್ಕೆ ನೀರು ಒಯ್ಯಲೆಂದು ಅಂಗಡಿಯದೇ ಒಂದು ಖಾಲಿ ಔಷಧಿ ಕ್ಯಾನನ್ನು ತೊಳೆದು ಇಟ್ಟುಕೊಂಡಿದ್ದರಂತೆ. "ಬಾಯಾರಿಕೆ ಅಂದ್ಲು ಕಣೇ, ಇವರೇ ಬಗ್ಗಿಸಿ ಕುಡಿಸಿದ್ರು," ಎಂದರು ಅಕ್ಕ. ಮಗು ಆ ರಾತ್ರಿ ದಾಟಲಿಲ್ಲವಂತೆ.

ಕಳೆದ ಚಳಿಗಾಲದಲ್ಲಿ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಶಿವಗಣಾರಾಧನೆ ಮುಗಿದ ಮೇಲೆ ಕಂಪನಿಗಳವರು ಒಬ್ಬೊಬ್ಬರಾಗಿ ಬಂದು, ಮಾರದೆ ಉಳಿದ ತಮ್ಮ ತಮ್ಮ ಮಾಲನ್ನು ಎತ್ತಿಕೊಂಡು ಹೋದರು. ಅಂದು ಸಂಜೆ ಅಕ್ಕ ನನ್ನ ಮಗಳನ್ನು ಒಳಗೆ ಕರೆದರು. ಆ ಮನೆಯಲ್ಲಿ ಮಕ್ಕಳಿಗೆ ಬಾಳೆಹಣ್ಣು, ಬಿಸ್ಕತ್ತು ಎಲ್ಲ ಸಿಗುತ್ತಿತ್ತು. ನೀರು ಮಾತ್ರ ಎಂದೂ ಕೊಟ್ಟವರಲ್ಲ ಎಂಬುದು ನನಗೆ ಹೊಳೆದದ್ದು ಅಂದೇ.

"ಅವರಿದ್ದಾಗ ಬಿಡ್ತಿರ್ಲಿಲ್ಲ ಕಣೇ. ಒಂದೇ ಒಂದು ಸಲ ನಾನು ನೀರು ಕೊಡ್ಲಾ?"

ನಾನು ಹೂಂ ಎಂದೆ. ಅಕ್ಕ ಬೆಳ್ಳಿ ಲೋಟವನ್ನು ಸೆರಗಿನಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ, ನೀರು ತುಂಬಿಸಿ ಕೊಟ್ಟರು. ಮಗಳು ಗಟಗಟ ಕುಡಿದು, "ಇನ್ನೂ ಬೇಕು ದೊಡ್ಡಮ್ಮ," ಎಂದಳು.

ಅಕ್ಕ ಏಳಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಗಾಗ ಹಣೆ ಮುಟ್ಟಿ ನೋಡುತ್ತ, ಬೀದಿದೀಪ ಹತ್ತುವವರೆಗೂ ಅವಳ ಮುಖವನ್ನೇ ನೋಡುತ್ತಿದ್ದರು. ನಾನೂ ಮಗಳನ್ನು ಕರೆಯಲಿಲ್ಲ.