ಪಂಚಮಿಗೆ ಕರೆಯಲು ಬಂದವನು

ನನಗೆ ಸೈಕಲ್ ಹುಚ್ಚು ಹಿಡಿದದ್ದು ಹುನಗುಂದದಲ್ಲಿ. ಎಪ್ಪತ್ತರ ದಶಕದ ನಡುವೆ ಅಲ್ಲಿಯ ಒಂದು ಕಚೇರಿಗೆ ಗುಮಾಸ್ತನಾಗಿ ಬಂದಿದ್ದೆ. ವಾರದ ಆರು ದಿನ ಹೇಗೋ ಕಳೆಯುತ್ತಿತ್ತು, ಭಾನುವಾರ ಮಾತ್ರ ತಿನ್ನಲು ಬರುತ್ತಿತ್ತು. ಜೊತೆಯವರು ಶನಿವಾರ ಸಂಜೆಯೇ ಬಸ್ಸು ಹಿಡಿದು ತಮ್ಮ ತಮ್ಮ ಊರಿಗೆ ಹೋಗಿಬಿಡುತ್ತಿದ್ದರು. ನನಗೆ ಹೋಗಲು ಊರಿರಲಿಲ್ಲ. ತಂದೆತಾಯಿ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಮಠದ ಬೋರ್ಡಿಂಗಿನಲ್ಲಿ ಉಂಡು, ಓದಿ, ಅಲ್ಲಿಂದ ನೇರ ಬಾಡಿಗೆ ಕೋಣೆಗೆ ಬಂದವನು ನಾನು. ಆ ಕೋಣೆಯ ಗೋಡೆ ನೋಡಿ ನೋಡಿ ಸಾಕಾಗಿ, ಯಾರೋ ತುಳಿದು ಬಿಟ್ಟಿದ್ದ ಹಳೇ ಸೈಕಲ್ ಕೊಂಡೆ.

ಅಮೀನಗಡದವರೆಗೆ ದೊಡ್ಡ ರಸ್ತೆ. ಅಲ್ಲಿಂದ ಐಹೊಳೆಯ ಕಡೆ ತಿರುಗಿದರೆ ಖಡಿಜಲ್ಲಿ ಹಾಕಿದ ದಾರಿ. ಅದನ್ನೂ ಬಿಟ್ಟು ಮಲಪ್ರಭೆಯ ದಂಡೆ ಹಿಡಿದರೆ ಬರೀ ಸಣ್ಣ ಹರಳಿನ ಗರಸು, ಕೆಲವು ಕಡೆ ಅದೂ ಇಲ್ಲ, ಬಂಡಿಯ ಗಾಲಿ ಕೊರೆದ ಎರಡು ಗೆರೆ. ಕೆಂಪು ಕಲ್ಲಿನ ಗುಡ್ಡಗಳು ಎರಡೂ ಕಡೆಯಿಂದ ಒತ್ತಿಕೊಂಡು ಬಂದು, ಹೊಳೆ ಹಾಯಲು ಎಷ್ಟು ಬೇಕೋ ಅಷ್ಟೇ ಜಾಗ ಬಿಟ್ಟಿವೆ. ಆ ಇಕ್ಕಟ್ಟಿನಲ್ಲಿ ಸೈಕಲ್ ಹೊಡೆಯುವುದು ಬೇರೆಯೇ ಒಂದು ವಿದ್ಯೆ. ಹುನಗುಂದದ ಕಡೆಯ ಎರೆಮಣ್ಣು ಒಂದು ಹನಿ ಮಳೆ ಬಿದ್ದರೆ ಸಾಕು, ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಆಮೇಲೆ ನಾವು ಸೈಕಲ್ ಮೇಲಲ್ಲ, ಸೈಕಲ್ ನಮ್ಮ ಮೇಲೆ. ಹೊಳೆಯ ಕಡೆಯ ಕೆಂಪು ಮಸಾರಿ ನೆಲ ಹಾಗಲ್ಲ, ಮಳೆ ಬಂದರೆ ಇನ್ನೂ ಗಟ್ಟಿ. ಆದರೆ ಇಳಿಜಾರಿನಲ್ಲಿ ಗರಸು ಜಾರುತ್ತದೆ. ಮುಂದಿನ ಬ್ರೇಕ್ ಒತ್ತಿದವನ ಮೊಣಕಾಲು ಅವನದಲ್ಲ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ. ಹೇಳುವವರು ಜೊತೆಗಿದ್ದರೆ ತಾನೆ!

ಆ ಊರುಗಳಲ್ಲಿ ದೊಡ್ಡ ಕಷ್ಟವೆಂದರೆ ಜನರ ಪ್ರಶ್ನೆ.

“ಯಾರ ಮನಿಗೆ ಹೊಂಟೀರಿ?”

“ಯಾರ ಮನಿಗೂ ಇಲ್ರಿ. ಸುಮ್ನ ಗುಡ್ಡಾ ನೋಡಾಕ ಬಂದೀನಿ.”

“ಗುಡ್ಡದಾಗ ಏನೈತ್ರಿ ನೋಡಾಕ? ಬರೇ ಕಲ್ಲು!”

ಯಾರ ಮನೆಗೂ ಅಲ್ಲದೆ ಒಬ್ಬ ಮನುಷ್ಯ ಅಷ್ಟು ದೂರ ತುಳಿದುಕೊಂಡು ಬರುತ್ತಾನೆಂದರೆ ಅವರು ನಂಬುತ್ತಿರಲಿಲ್ಲ. ಕುಟುಂಬ ಯೋಜನೆಯ ಗದ್ದಲ ಜೋರಾಗಿದ್ದ ವರ್ಷ ನನ್ನ ಪ್ಯಾಂಟು, ಕೈಗಡಿಯಾರ ನೋಡಿ, ಆಪರೇಷನ್ನಿಗೆ ಹಿಡಿಯಲು ಬಂದವನೆಂದು ಒಂದು ಊರಿನ ಗಂಡಸರೆಲ್ಲ ಎದ್ದು ಸಜ್ಜೆಯ ಹೊಲ ಸೇರಿದ್ದರು. ನಗು ಬಂತು. ಆದರೆ ಮರಳಿ ಬರುವಾಗ, ನನ್ನನ್ನು ಕಂಡು ಓಡುವವರಾದರೂ ಇದ್ದಾರಲ್ಲ ಎಂದು ಸಮಾಧಾನಪಟ್ಟುಕೊಂಡೆ. ಅಷ್ಟು ಒಂಟಿಯಾಗಿದ್ದೆ.

ಶ್ರಾವಣದ ಒಂದು ಭಾನುವಾರ. ನಾಗರಪಂಚಮಿ ಹತ್ತಿರ ಬಂದಿತ್ತು. ಹೊಳೆಯ ದಂಡೆಯ ಒಂದು ಸಣ್ಣ ಊರಿನ ಹತ್ತಿರ ಹಿಂದಿನ ಗಾಲಿ ಪಂಕ್ಚರ್ ಆಯಿತು. ನೀರು ಕೇಳೋಣವೆಂದು ಸೈಕಲ್ ನೂಕಿಕೊಂಡು ಓಣಿಯೊಳಗೆ ಹೋಗಿ, ಮೊದಲು ಕಂಡ ಕಟ್ಟೆಗೆ ಒರಗಿಸಿದೆ. ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಬೇವಿನ ಮರಗಳಿಗೆ ಜೋಕಾಲಿ ಬಿದ್ದಿದ್ದವು. ಹಬ್ಬ ಎದುರಿಗಿರುವಾಗ ಒಬ್ಬ ತರುಣ ಹ್ಯಾಂಡಲ್ಲಿಗೆ ಚೀಲ ಸಿಕ್ಕಿಸಿಕೊಂಡು ಸೊಸೆ ಇರುವ ಮನೆಯ ಮುಂದೆ ನಿಂತರೆ ಆ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ. ನನಗೆ ಅದು ಹೊಳೆಯುವ ಮೊದಲೇ ಎದುರು ಮನೆಯವಳು ಕೂಗಿಬಿಟ್ಟಳು.

“ಏ, ಹೊರಗ ಬಾರವಾ! ನಿನ್ನ ಕರಿಯಾಕ ಬಂದಾರ! ನಿಮ್ಮ ಅಣ್ಣ ಬಂದಾನ!”

ಒಳಗಿನಿಂದ ಹಿಟ್ಟಿನ ಕೈಯಲ್ಲೇ ಒಬ್ಬ ಹೆಣ್ಣುಮಗಳು ಓಡಿಬಂದಳು. ನಗುತ್ತ ಬಂದವಳು ನನ್ನನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಆ ಮುಖವನ್ನು ನಾನು ನೋಡಬಾರದಿತ್ತು ಅನಿಸಿತು. ಓಣಿಯ ಹೆಂಗಸರೆಲ್ಲ ಆಗಲೇ ಬಾಗಿಲಿಗೆ ಬಂದಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಅತ್ತೆ ಹೊರಗೆ ಬಂದಳು. ನನ್ನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಓಣಿಯನ್ನು ನೋಡಿದಳು.

“ಬಾಗಲಾ ತನಕಾ ಬಂದಾನ, ಅಣ್ಣ ಅಂತನ ತಿಳಿ. ಕಾಲಿಗೆ ನೀರು ಕೊಡು,” ಅಂದಳು.

ಒಳಗೆ ಕುಳಿತ ಮೇಲೆ ವಿಷಯ ತಿಳಿಯಿತು. ಹುಡುಗಿಯ ತವರು ಹೊಳೆಯ ಆಚೆ. ತಂದೆತಾಯಿ ಇಲ್ಲ, ಒಡಹುಟ್ಟಿದವರೂ ಇಲ್ಲ. ಮದುವೆ ಮಾಡಿಕೊಟ್ಟ ಸೋದರಮಾವ ಮತ್ತೆ ಈ ಕಡೆ ಹಾಯ್ದಿರಲಿಲ್ಲ. ಕೊನೆಗೂ ಅವನೇ ಯಾರನ್ನೋ ಕಳಿಸಿದ್ದಾನೆಂದು ಅವಳು ಓಡಿಬಂದಿದ್ದಳು. ಪಂಚಮಿ ಬಂದರೆ ಓಣಿಯ ಸೊಸೆಯಂದಿರೆಲ್ಲ ಒಬ್ಬೊಬ್ಬರಾಗಿ ಅಣ್ಣತಮ್ಮಂದಿರ ಹಿಂದೆ ತವರಿಗೆ ಹೋಗುತ್ತಿದ್ದರು, ಈಕೆ ಉಳಿಯುತ್ತಿದ್ದಳು. ಅತ್ತೆ ಇದನ್ನೆಲ್ಲ ಹೇಳುವಾಗ ಅವಳು ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಲೇ ಇದ್ದಳು. ನನಗೂ ಯಾರೂ ಇಲ್ಲವೆಂದು ನಾನು ಹೇಳಿದಾಗ ಮಾತ್ರ ಒಮ್ಮೆ ಹೊರಳಿ ನೋಡಿದಳು. ಹೊಲದಿಂದ ಬಂದ ಅವಳ ಗಂಡ ಬಕೆಟ್ಟಿನಲ್ಲಿ ನೀರು ತಂದಿಟ್ಟು ನನ್ನ ಟ್ಯೂಬಿನ ತೂತು ಹುಡುಕಿಕೊಟ್ಟ. ಹೊರಡುವಾಗ ಅವಳು ಶೇಂಗಾ ಉಂಡಿ ಕಟ್ಟಿಕೊಟ್ಟು, “ಮುಂದಿನ ಪಂಚಮಿಗೂ ಬಾ ಯಣ್ಣಾ,” ಅಂದಳು.

ಐಹೊಳೆ ದಾಟಿ ಚಹಾದ ಅಂಗಡಿಯೊಂದರಲ್ಲಿ ನಿಂತಾಗ ಯಾರೋ ಅದೇ ಪ್ರಶ್ನೆ ಕೇಳಿದರು. “ತಂಗಿ ಮನಿಗೆ ಹೋಗಿದ್ನಿರಿ,” ಅಂದೆ. ಅವರು ತಲೆಯಾಡಿಸಿ ತಮ್ಮ ಚಹಾ ಕುಡಿಯತೊಡಗಿದರು. ಅಷ್ಟು ಸಣ್ಣ ಮಾತಿಗೆ ಅಷ್ಟು ಸುಖವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಆ ವರ್ಷವಿಡೀ ಭಾನುವಾರಗಳು ಸಲೀಸಾಗಿ ಹೋದವು. ಬಾದಾಮಿಯ ಗುಡ್ಡದ ಹಿಂದಿನ ದಾರಿ, ಇಳಕಲ್ಲಿನ ಆಚೆಯ ಕಲ್ಲುಗಣಿಗಳ ದಾರಿ, ಎಲ್ಲ ತುಳಿದೆ. ಹೊಳೆಯ ದಂಡೆಗೂ ಹೋದೆ, ಆದರೆ ಆ ಊರಿನೊಳಗೆ ಇಳಿಯಲಿಲ್ಲ. ಹಬ್ಬವಿಲ್ಲದ ದಿನ ಹೋದರೆ ಓಣಿಯವರು ಏನೆಂದುಕೊಂಡಾರೋ ಎಂಬ ಅಂಜಿಕೆ. ದಿನ್ನೆಯ ಮೇಲೆ ನಿಂತು, ಹೊಗೆ ಏಳುವ ಮನೆಗಳಲ್ಲಿ ಅದು ಯಾವುದಿರಬಹುದು ಎಂದು ನೋಡಿ ಮರಳುತ್ತಿದ್ದೆ.

ಮತ್ತೆ ಪಂಚಮಿ ಬಂತು. ರಜೆ ಹಾಕಿದೆ. ಅಮೀನಗಡದಲ್ಲಿ ಕರದಂಟು ಕೊಂಡೆ. ಸುತ್ತಾದರೂ ಆಗಲಿ ಎಂದು ಗುಳೇದಗುಡ್ಡಕ್ಕೆ ಹೋಗಿ, ಮಗ್ಗದ ಮನೆಯಲ್ಲೇ ಕುಳಿತು ಕುಪ್ಪಸಕ್ಕೆ ಒಂದು ಖಣ ಆರಿಸಿದೆ. ಹೆಂಗಸರ ಬಣ್ಣ ನನಗೇನು ಗೊತ್ತು? ಅವರು ಚಲೋ ಅಂದದ್ದನ್ನೇ ತಂದೆ. ಅಲ್ಲಿಂದ ಹೊಳೆಗೆ ಇಳಿಯುವ ಗರಸಿನ ದಾರಿಯಲ್ಲಿ ಸೈಕಲ್ ಮೇಲೆ ಒಬ್ಬನೇ ಹಾಡುತ್ತ ಇಳಿದೆ. ನನ್ನ ದನಿ ಅಷ್ಟು ಕೆಟ್ಟದ್ದೆಂದು ಅವತ್ತೇ ತಿಳಿದದ್ದು.

ಅವಳು ಕಟ್ಟೆಯ ಮೇಲೆ ಕುಳಿತಿದ್ದಳು. ಮೈಮೇಲೆ ಇಳಕಲ್ ಸೀರೆ, ತಲೆ ತುಂಬ ಹೂವು, ಮಗ್ಗುಲಲ್ಲಿ ಬಟ್ಟೆಯ ಗಂಟು.

“ಕರಿಯಾಕ ಬಂದ್ಯಾ ಯಣ್ಣಾ?” ಅಂದಳು, ಓಣಿಗೆಲ್ಲ ಕೇಳುವ ಹಾಗೆ.

ಅತ್ತೆ ಬಾಗಿಲಿಗೆ ಬಂದಳು. “ನಾಕ ದಿನಾ ಇಟಗೊಂಡು ತಂದ ಬಿಡು ತಮ್ಮಾ. ವರ್ಸ ಪೂರಾ ಹೇಳಾಕತ್ತಾಳ, ನಮ್ಮಣ್ಣ ಬರ್ತಾನ, ನಮ್ಮಣ್ಣ ಬರ್ತಾನ ಅಂತ.”

ನಾನು ಖಣ ಕೊಟ್ಟು, ಉಂಡು ಹೋಗೋಣವೆಂದು ಬಂದವನು. ಕರೆಯಲು ಬಂದವನು ಕರೆದುಕೊಂಡು ಹೋಗಬೇಕು ಎಂಬುದು, ಮನೆಯಲ್ಲಿ ಹಬ್ಬ ಕಾಣದ ನನಗೆ ಹೊಳೆದೇ ಇರಲಿಲ್ಲ. ಒಳಗೆ ಹೋಗಿ ಹೇಳಲೇಬೇಕಾಯಿತು.

“ನನಗ ಮನಿ ಅನ್ನೂದ ಇಲ್ರಿ ಅವ್ವಾರ. ಬಾಡಿಗಿ ಖೋಲಿ ಒಂದೈತಿ. ಅಲ್ಲಿ ಹೆಣ್ಣಮಕ್ಕಳು ಅಂತ ಒಬ್ಬರೂ ಇಲ್ಲ. ಈಕೀನ ಎಲ್ಲಿಗೆ ಕರಕೊಂಡು ಹೋಗ್ಲಿ?”

ಮುದುಕಿಗೆ ತಕ್ಷಣ ತಿಳಿಯಿತು. ಮದುವೆಯಾಗದ ಗಂಡಸಿನ ಕೋಣೆಗೆ ಬೇರೆಯವರ ಸೊಸೆ ಬಂದಿದ್ದಾಳೆಂದರೆ ಜನ ಅಣ್ಣತಂಗಿ ಅನ್ನುತ್ತಾರೆಯೆ? ಹುಡುಗಿ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಗಂಟು ಬಿಚ್ಚಾಂಗಿಲ್ಲ ಅತ್ತಿ. ಓಣಿ ಎಲ್ಲಾ ನೋಡೇತಿ.”

“ಬಿಚ್ಚಬ್ಯಾಡ. ಏಳು, ದಿನ್ನಿ ತನಕಾ ಹೋಗೂಣು. ನಾನೂ ಕಳಸಾಕ ಬರ್ತೇನಿ.”

ಮೂವರೂ ಹೊರಟೆವು. ಗಂಟು ನನ್ನ ಕ್ಯಾರಿಯರ್ ಮೇಲೆ. ಓಣಿಯ ಹೆಂಗಸರು “ಹೋಗಿ ಬಾರವಾ, ಲಗೂನ ಬಾ,” ಎಂದು ಕಳಿಸಿದರು. ಅವಳು ಪ್ರತಿಯೊಬ್ಬರಿಗೂ ನಿಂತು ಹೇಳಿಯೇ ಹೋದಳು.

ದಿನ್ನೆಯ ಮೇಲೆ ಗಾಳಿ ಜೋರಾಗಿತ್ತು. ಕೆಳಗೆ ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. “ನೀ ಬರೂ ದಾರಿ ಯಾವುದ?” ಅಂದಳು ಹುಡುಗಿ. ತೋರಿಸಿದೆ. “ಹುನಗುಂದ ಕಾಣತೈತೇನು?” “ಇಲ್ಲ, ಆ ಗುಡ್ಡದ ಆಚಿಗಿ.” ಅವಳು ಆದರೂ ಆ ಕಡೆಯೇ ನೋಡುತ್ತ ನಿಂತಳು. ಬೇವಿನ ನೆರಳಿಗೆ ಕುಳಿತು ಕರದಂಟು ತಿಂದೆವು. ಗ್ರೀಸು ಮೆತ್ತಿದ ಕೈಯಲ್ಲೇ ನಾನು ಖಣ ಕೊಟ್ಟೆ, ಅವಳು ಉಡಿಯೊಡ್ಡಿ ತೆಗೆದುಕೊಂಡಳು. ಆಮೇಲೆ ತಡೆಯಲಾರದೆ ಕೇಳಿದಳು, “ಸೈಕಲ್ ಮ್ಯಾಲ ಒಂಚೂರು ಕುಂಡರಸ್ತಿಯೇನು?”

ಗಂಟು ಇಳಿಸಿ ಅವಳನ್ನು ಕೂರಿಸಿಕೊಂಡೆ. ದಿನ್ನೆಯ ಮೇಲಿನ ಸಮತಟ್ಟು ಗರಸಿನಲ್ಲಿ ದೂರದ ಜಾಲಿ ಮರದವರೆಗೆ ಹೋಗಿ ಮರಳಿದೆವು. ಕಲ್ಲು ಸಿಕ್ಕಾಗಲೆಲ್ಲ ಅವಳು ಚೀರಿ ನಗುತ್ತಿದ್ದಳು. “ಬಿದ್ದೀರಿ! ನಿಧಾನ!” ಎಂದು ಮುದುಕಿ ಕೂಗುತ್ತಿದ್ದಳು, ಅವಳೂ ನಗುತ್ತಿದ್ದಳು. ಅಷ್ಟು ತುಳಿದಿದ್ದೇನೆ ಜೀವನದಲ್ಲಿ, ಯಾರನ್ನಾದರೂ ಕೂರಿಸಿಕೊಂಡು ತುಳಿದದ್ದು ಅದೊಂದೇ ಸಲ.

ಬಿಸಿಲು ಇಳಿದ ಮೇಲೆ ಅತ್ತೆ ಎದ್ದಳು. ಹೊಳೆ ಬಂದು ಮುಂದೆ ದಾರಿ ಕಟ್ಟಿತ್ತು ಎಂದು ಓಣಿಗೆ ಹೇಳುವುದೆಂದು ಆಗಲೇ ನಿಶ್ಚಯಿಸಿದ್ದಳು. ಅವಳು ನಾಲ್ಕು ಹೆಜ್ಜೆ ಮುಂದೆ ಹೋದಾಗ ಹುಡುಗಿ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಳು.

“ಮುಂದಿನ ವರ್ಸ ಬರಬ್ಯಾಡ ಯಣ್ಣಾ. ಸಿಟ್ಟಿಲ್ಲ. ಯಾರೂ ಬರೂದಿಲ್ಲ ಅಂತ ಗೊತ್ತಿದ್ದಾಗ ಪಂಚಮಿ ಸುಮ್ನ ಬಂದು ಹೋಗತಿತ್ತು. ಈ ಸಲ ಆಷಾಢ ಪೂರಾ ದಾರಿ ನೋಡೇನಿ. ಹಂಗ ನೋಡೂದು ನನಗ ಆಗೂದಿಲ್ಲ.”

“ಆತವಾ,” ಅಂದೆ. ಆ ಆಷಾಢವಿಡೀ ಕೋಣೆಯಲ್ಲಿ ನಾನೂ ಹಾಗೆಯೇ ಕಾಯುತ್ತ ಕುಳಿತಿದ್ದೆ. ಅವರಿಬ್ಬರೂ ಇಳಿದು ಕಾಣದಾಗುವವರೆಗೆ ನಿಂತಿದ್ದೆ. ಮುಂದಿನ ಪಂಚಮಿಗೆ ನಾನು ಹೋಗಲಿಲ್ಲ.